ಫಾರ್ಮ್ಯಾಟ್ ಮಾತ್ರ ಬೇಡ

"ಫಾರ್ಮ್ಯಾಟ್ ಮಾಡ್ಬಿಡಿ" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಂಪ್ಯೂಟರ್ ನಿಧಾನವಾಯಿತೇ, ಫಾರ್ಮ್ಯಾಟ್. ವೈರಸ್ ಬಂತೇ, ಫಾರ್ಮ್ಯಾಟ್. ಸ್ಪೀಕರಿನಲ್ಲಿ ಸದ್ದು ಬರಲಿಲ್ಲವೇ, ಅದಕ್ಕೂ ಫಾರ್ಮ್ಯಾಟ್. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಒಳಗಿರುವುದನ್ನೆಲ್ಲ ಅಳಿಸಿ, ಮೊದಲಿನಿಂದ ತುಂಬಿ, "ನೋಡಿ ಸಾರ್, ಹೊಸದರ ಥರ ಆಯ್ತು" ಎಂದು ಕೈ ಒರೆಸಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ನನಗೆ ಹೊಸದು ಬೇಕಾಗಿರಲಿಲ್ಲ. ಹೆಂಗಿತ್ತೋ ಹಂಗೇ ಬೇಕಾಗಿತ್ತು.

ಮಂಚೇನಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿಯ ಕಾಗದ, ಅರ್ಜಿ, ಜೆರಾಕ್ಸು. ಹದಿನೇಳು ವರ್ಷ ಇದನ್ನು ನಾನೂ ನನ್ನ ಹೆಂಡತಿಯೂ ಸೇರಿ ನಡೆಸಿದೆವು. ಡಿಸೈನ್ ನನ್ನದು, ಟೈಪಿಂಗ್ ಅವಳದು. ಗಂಡಿನ ಕಡೆಗೆ ಕನ್ನಡದಲ್ಲಿ, ಹೆಣ್ಣಿನ ಕಡೆಗೆ ತೆಲುಗಿನಲ್ಲಿ ಎಂದು ಎರಡೆರಡು ಭಾಷೆಯ ಪತ್ರಿಕೆ ಮಾಡಿಸುವವರು ನಮ್ಮಲ್ಲಿ ಬಹಳ. ಅವಳು ಎರಡನ್ನೂ ಒಂದೇ ವೇಗದಲ್ಲಿ ಕುಟ್ಟುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅದೊಂದು ಕೊರತೆ ಎಂದು ಮೊದಮೊದಲು ಅನ್ನಿಸುತ್ತಿತ್ತು, ಆಮೇಲೆ ಅದೂ ಮರೆತುಹೋಯಿತು. ಎರಡು ವರ್ಷದ ಹಿಂದೆ ಜ್ವರ ಎಂದು ಮಲಗಿದವಳು ಹನ್ನೊಂದನೇ ದಿನಕ್ಕೆ ಹೋಗಿಬಿಟ್ಟಳು. ಅವಳ ತಿಥಿಯ ಕಾಗದವನ್ನು ನಾನೇ ಟೈಪ್ ಮಾಡಿದೆ. ಎರಡು ತಪ್ಪು ಉಳಿದವು.

ನಮ್ಮದು ಇದ್ದದ್ದು ಒಂದೇ ಕಂಪ್ಯೂಟರ್. ಅದರೊಳಗೆ ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿದವಳು ಅವಳೇ. ನಾನು ಪರದೆಯ ತುಂಬ ಫೈಲುಗಳನ್ನು ಚೆಲ್ಲಾಡುತ್ತಿದ್ದೆ, ಅದು ಅವಳ ಕಣ್ಣಿಗೆ ಆಗುತ್ತಿರಲಿಲ್ಲ. "ನಿಮ್ ಸಂತೆ ನಿಮಗಿರ್ಲಿ ಕಣ್ರೀ, ನನ್ ಮನೆ ನನಗೆ" ಎಂದು ತನಗೊಂದು ಖಾತೆ ತೆರೆದು, ಪಾಸ್‌ವರ್ಡ್ ಹಾಕಿ, ತವರಿನಿಂದ ತಂದ ಒಂದು ಹಳದಿ ರೇಷ್ಮೆಗೂಡಿನ ಫೋಟೊ ಅಂಟಿಸಿಕೊಂಡಳು. ಅವಳ ತವರು ಶಿಡ್ಲಘಟ್ಟದ ಆಚೆ ದಿಬ್ಬೂರಹಳ್ಳಿ. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಪರದೆಯ ಎಡಗಡೆ ಕೆಳಗೆ ಇಬ್ಬರ ಹೆಸರೂ ಪುಟ್ಟದಾಗಿ ಕಾಣುತ್ತಿದ್ದವು. ಹಿಂದಿನ ದಿನ ಕೊನೆಗೆ ಯಾರು ಕೂತಿದ್ದರೋ ಅವರ ಚಿತ್ರ ನಡುವೆ ದೊಡ್ಡದಾಗಿ ಬರುತ್ತಿತ್ತು. ಗೂಡು ನಡುವೆ ಬಂದಿದ್ದರೆ, ರಾತ್ರಿ ನಾನು ಊಟ ಮಾಡಿ ಮಲಗಿದ ಮೇಲೂ ಅವಳು ಕೂತು ಕೆಲಸ ಮುಗಿಸಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ನಡುವೆ ಬರುವುದು ನಾನೇ. ಅವಳು ಎಡಗಡೆ ಕೆಳಗೆ, ಪುಟ್ಟ ಹಳದಿ ಗೂಡಾಗಿ ಇದ್ದಾಳೆ.

ಅವಳ ಖಾತೆಯೊಳಗೆ ಏನಿದೆಯೆಂದು ನನಗೆ ಗೊತ್ತಿಲ್ಲ. ಪತ್ರಿಕೆಗಳೇ ಇರಬೇಕು. ಪಾಸ್‌ವರ್ಡ್ ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಅದನ್ನು ಮುರಿದು ಒಳಗೆ ಹೋಗುವ ದಾರಿಗಳಿವೆ, ನನಗೂ ಗೊತ್ತು. ಆದರೆ ಅದು ಅವಳು ತನ್ನ ಕೈಯಾರೆ ಹಾಕಿದ ಬೀಗ. ಅವಳ ಸೀರೆಗಳನ್ನು ಅವಳ ಅಕ್ಕ ತೆಗೆದುಕೊಂಡು ಹೋದಳು, ಬಳೆಗಳನ್ನು ತಮ್ಮನ ಹೆಂಡತಿಗೆ ಕೊಟ್ಟೆ, ಚಪ್ಪಲಿಯನ್ನು ಯಾರೋ ಎಸೆದರು. ಈ ಮನೆಯಲ್ಲಿ ಅವಳು ಹೆಂಗೆ ಬಿಟ್ಟಿದ್ದಳೋ ಹಂಗೇ ಉಳಿದದ್ದು ಆ ಗೂಡು ಒಂದೇ. ದಿನಾ ಬೆಳಿಗ್ಗೆ ಅದನ್ನು ನೋಡಿ, ನನ್ನ ಖಾತೆ ತೆಗೆದು ಕೆಲಸಕ್ಕೆ ಕೂರುತ್ತಿದ್ದೆ. ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ಹೇಳಿರಲಿಲ್ಲ.

ಈಗ ಆಯುಧಪೂಜೆಯ ವಿಷಯ. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಪೂಜೆಗೆ ಮುಂಚೆ ತೊಳೆಯುವುದು, ಎಣ್ಣೆ ಬಿಡುವುದು, ಸಡಿಲವಾದ ನಟ್ಟು ಬಿಗಿ ಮಾಡುವುದು ಎಲ್ಲ ಆಗಿರಬೇಕು. ಪೂಜೆಯಾದ ಮೇಲೆ ಮಾರನೆಯ ವಿಜಯದಶಮಿವರೆಗೆ ಆಯುಧ ಮುಟ್ಟುವಂತಿಲ್ಲ. ಕಂಪ್ಯೂಟರಿಗೆ ಎಣ್ಣೆ ಬಿಡಲಾಗುತ್ತದೆಯೇ? ಅದಕ್ಕೆ ನನ್ನ ಹೆಂಡತಿ ಅಪ್‌ಡೇಟ್ ಹಾಕುತ್ತಿದ್ದಳು. ಮುನ್ನಾದಿನ ಮಧ್ಯಾಹ್ನ ಕ್ಯಾಬಿನೆಟ್ ಬಿಚ್ಚಿ ಬ್ರಷ್‌ನಲ್ಲಿ ದೂಳು ತೆಗೆದು, ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದ ಚಿಪ್‌ಸೆಟ್ ಡ್ರೈವರ್ ಇಳಿಸಿಕೊಂಡು ಹಾಕುತ್ತಿದ್ದಳು. ಬೋರ್ಡಿನ ಮೇಲಿರುವ ಬಿಡಿಭಾಗಗಳಿಗೂ ಒಳಗಿನ ಸಿಸ್ಟಮ್‌ಗೂ ಮಾತುಕತೆ ನಡೆಸಿಕೊಡುವ ದುಭಾಷಿ ಅದು. ನಾನು ಬೈಯುತ್ತಿದ್ದೆ.

"ಚೆನ್ನಾಗಿ ಓಡ್ತಿರೋದನ್ನ ಯಾಕೆ ಕೆಣಕ್ತೀಯೇ? ಇರಲಾರದೆ ಇರುವೆ ಬಿಟ್ಕೊಂಡ್ರಂತೆ."

"ಬಾಕಿ ಇಟ್ಕೊಂಡು ಪೂಜೆ ಮಾಡ್ಬಾರ್ದು ಕಣ್ರೀ" ಎನ್ನುತ್ತಿದ್ದಳು. ಅಷ್ಟೇ ಅವಳ ವಾದ.

ಅವಳು ಹೋದ ವರ್ಷ ಪೂಜೆಯೇ ಇರಲಿಲ್ಲ, ಸೂತಕ. ಮಾರನೆಯ ವರ್ಷ ಒಂದು ಹೂವು ಇಟ್ಟು ಸುಮ್ಮನಾದೆ. ಈ ಸಲ ಮುನ್ನಾದಿನ ಮಧ್ಯಾಹ್ನ ಅಂಗಡಿಗೆ ಯಾರೂ ಬರಲಿಲ್ಲ. ಬೀದಿಯಲ್ಲಿ ಎಲ್ಲರೂ ಬೈಕು ತೊಳೆಯುತ್ತಿದ್ದರು, ನೀರು ನನ್ನ ಬಾಗಿಲವರೆಗೆ ಹರಿದು ಬಂದಿತ್ತು. ನಾನೂ ಕ್ಯಾಬಿನೆಟ್ ಬಿಚ್ಚಿದೆ. ಅವಳದೇ ಬ್ರಷ್ ಡ್ರಾಯರಿನಲ್ಲಿ ಸಿಕ್ಕಿತು. ದೂಳು ತೆಗೆದೆ. ಈ ಸಲ ಬಾಕಿ ಇಡಬಾರದು ಅನ್ನಿಸಿತು. ಅವಳಿಗೆ ತೋರಿಸಬೇಕು ಅನ್ನಿಸಿತು ಎಂದರೂ ಸರಿಯೇ.

ವೆಬ್‌ಸೈಟಿನಲ್ಲಿ ನಮ್ಮ ಬೋರ್ಡಿನ ಹೆಸರಿನ ಕೆಳಗೆ ಒಂದು ಪುಟದ ತುಂಬ ಫೈಲುಗಳಿದ್ದವು. ಅವಳು ಅದರಲ್ಲಿ ಒಂದನ್ನೇ ಆರಿಸಿ ಹಾಕುತ್ತಿದ್ದಳು, ನಾನು ಎಷ್ಟೋ ಸಲ ಪಕ್ಕದಲ್ಲೇ ಕೂತು ನೋಡಿದ್ದೆ. ಆದರೆ ಎರಡು ವರ್ಷದ ಬಾಕಿ ಇದೆಯಲ್ಲ! ಹಬ್ಬದ ಎಲೆಗೆ ಬಡಿಸಿದ ಹಾಗೆ ಒಂದೂ ಬಿಡದೆ ಎಲ್ಲ ಹಾಕಿದೆ. ಎರಡು ಮೂರು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ ಓಡಿಸುವ ದೊಡ್ಡ ಯಂತ್ರಗಳಿಗೆ ಬೇಕಾದ ಡ್ರೈವರ್ ಕೂಡ ಅದರಲ್ಲಿತ್ತು. ನಮ್ಮಲ್ಲಿರುವುದು ಒಂದೇ ಡಿಸ್ಕು. ಅದನ್ನು ಓದುವ ವ್ಯವಧಾನ ನನಗೆಲ್ಲಿ?

ರೀಸ್ಟಾರ್ಟ್ ಕೇಳಿತು, ಒತ್ತಿದೆ. ಕಂಪನಿಯ ಗುರುತು ಬಂತು, ಚುಕ್ಕೆಗಳು ತಿರುಗಿದವು, ಆಮೇಲೆ ಇಡೀ ಪರದೆ ನೀಲಿಯಾಯಿತು. ಸಪ್ಪೆ ಮೋರೆಯ ಒಂದು ಚಿಹ್ನೆ. ಅದರ ಕೆಳಗೆ, ಸಿಸ್ಟಮ್ ಇರುವ ಡಿಸ್ಕೇ ಕೈಗೆ ಸಿಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು. ತಾನೇ ಆರಿ ತಾನೇ ಹೊತ್ತಿಕೊಂಡಿತು. ಮತ್ತೆ ನೀಲಿ. ಮೂರನೆಯ ಸಲಕ್ಕೆ "ರಿಪೇರಿ ಮಾಡುತ್ತಿದ್ದೇನೆ" ಎಂದಿತು, ಅರ್ಧ ಗಂಟೆ ತಿರುಗಿ "ಆಗಲಿಲ್ಲ" ಎಂದಿತು. ಹಿಂದಿನ ಸ್ಥಿತಿಗೆ ವಾಪಸ್ ಹೋಗುವ ಒಂದು ಸೌಲಭ್ಯವಿದೆ. ಅದನ್ನು ಜಾಗ ತಿನ್ನುತ್ತದೆ ಎಂದು ನಾನೇ ಹೋದ ವರ್ಷ ನಿಲ್ಲಿಸಿದ್ದೆ. ಮಾಡಿದ್ದುಣ್ಣೋ ಮಹರಾಯ.

ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಒಬ್ಬ ಪುಣ್ಯಾತ್ಮ ಬಯಾಸ್ ಒಳಗೆ ಹೋಗಿ ಡಿಸ್ಕಿನ ಮೋಡ್ ಬದಲಾಯಿಸಿ ಎಂದ. ಬಯಾಸ್ ಎಂದರೆ ಸಿಸ್ಟಮ್ ಏಳುವುದಕ್ಕೂ ಮೊದಲು ಬೋರ್ಡು ತಾನಾಗಿ ನೋಡಿಕೊಳ್ಳುವ ಸೆಟ್ಟಿಂಗುಗಳ ಪುಟ. ಹೋದೆ, ಬದಲಾಯಿಸಿದೆ, ಉಳಿಸಿದೆ. ಏನೂ ಆಗಲಿಲ್ಲ. ಮೊದಲು ಅಲ್ಲಿ ಏನಿತ್ತು ಎಂದು ಬರೆದಿಟ್ಟುಕೊಂಡೂ ಇರಲಿಲ್ಲ. ಪತ್ರಿಕೆಯ ಪೇಪರ್ ಕೊಡುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ ಅವರು, "ಫಾರ್ಮ್ಯಾಟ್ ಒಗೀರಿ ಅತ್ಲಾಗೆ" ಎಂದರು. ಫೋನ್ ಇಟ್ಟೆ. ಫೈಲುಗಳ ಭಯ ನನಗಿರಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲು ಸಿಗುತ್ತವೆ. ಫಾರ್ಮ್ಯಾಟ್ ಆದರೆ ಆ ಗೂಡು ಹೋಗುತ್ತದೆ, ಆ ಬೀಗ ಹೋಗುತ್ತದೆ. ಅದೇ ಹೆಸರಿನಲ್ಲಿ ಅದೇ ಫೋಟೊ ಹಾಕಿ ಮತ್ತೊಂದು ಖಾತೆ ಮಾಡಬಹುದು. ಅದನ್ನು ಮಾಡುವವನು ನಾನು, ಅವಳಲ್ಲ.

ಮಾರನೆಯ ದಿನ ಸತ್ತ ಯಂತ್ರಕ್ಕೇ ಪೂಜೆ ಮಾಡಿದೆ. ಕುಂಕುಮ ಇಟ್ಟೆ, ಚೆಂಡುಹೂವಿನ ಹಾರ ಹಾಕಿದೆ, ನಿಂಬೆಹಣ್ಣು ಕೊಯ್ದಿಟ್ಟೆ. ಊದುಬತ್ತಿಯ ಹೊಗೆ ಕಪ್ಪು ಪರದೆಯ ಮೇಲೆ ಹೋಗುತ್ತಿತ್ತು. ಕೂತು ನೋಡಲು ಆಗಲಿಲ್ಲ. ಹಾರ ತೆಗೆದು, ಕ್ಯಾಬಿನೆಟ್ಟನ್ನು ದುಪ್ಪಟಿಯಲ್ಲಿ ಗಂಟು ಕಟ್ಟಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಬಸ್ಸಿನ ಮುಂದೆ ಬಾಳೆಕಂದು, ಗಾಜಿನ ಮೇಲೆ ವಿಭೂತಿ. ತೊಡೆಯ ಮೇಲೆ ಗಂಟು ಇಟ್ಟುಕೊಂಡವನನ್ನು ಪಕ್ಕದ ಅಜ್ಜಿ ಬಗ್ಗಿ ನೋಡಿ, ಅದೇನೆಂದು ತೆಲುಗಿನಲ್ಲಿ ಕೇಳಿದರು.

"ಅದೇಮಿ ನಾಯ್ನಾ, ಟೀವಿನಾ?"

"ಕಾದಮ್ಮಾ, ಕಂಪ್ಯೂಟರ್. ಚೆಡಿಪೋಯಿಂದಿ, ಕೆಟ್ಟೋಗಿದೆ."

"ಪಂಡಗ ಪೂಟಾ?" ಎಂದು ಅಜ್ಜಿ ಲೊಚಗುಟ್ಟಿದರು. ಹಬ್ಬದ ದಿನವೇ ಕೆಡಬೇಕೇ ಎಂದು ಅವರ ಸಂಕಟ.

ಗೌರಿಬಿದನೂರಿನಲ್ಲಿ ರಿಪೇರಿ ಅಂಗಡಿಗಳು ತೆಗೆದೇ ಇದ್ದವು. ಅದೇ ತಮಾಷೆ. ಎಲ್ಲ ಅಂಗಡಿಯ ಮುಂದೆಯೂ ಬೂದುಗುಂಬಳ ಒಡೆದಿತ್ತು, ಒಳಗೆ ಜನ ಕೂತಿದ್ದರು. ಆದರೆ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಮೀಟರು ಎಲ್ಲ ಒಂದು ಬಾಳೆ ಎಲೆಯ ಮೇಲೆ ಸಾಲಾಗಿ ಕುಂಕುಮ ಇಟ್ಟುಕೊಂಡು ಮಲಗಿದ್ದವು. ಯಾರೂ ಮುಟ್ಟರು. "ನಾಳೆ ಬನ್ನಿ ಸಾರ್, ಇವತ್ತು ಟೂಲ್ಸ್ ಎತ್ತಂಗಿಲ್ಲ" ಎಂದು ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಟ್ಟರು. ಎರಡನೆಯ, ಮೂರನೆಯ ಅಂಗಡಿಯಲ್ಲೂ ಪುರಿ. ನಾಲ್ಕನೆಯ ಕಡೆ ನನಗೆ ತಡೆಯಲಾಗಲಿಲ್ಲ.

"ಬಸ್ಸೂ ಆಯುಧ ಅಲ್ವೇನ್ರೀ? ಅದಕ್ಕೂ ಪೂಜೆ ಮಾಡವ್ರೆ. ಅದು ಓಡ್ತಾ ಇಲ್ವಾ?"

ಅಂಗಡಿಯವರು ನನ್ನನ್ನೊಮ್ಮೆ, ಗಂಟನ್ನೊಮ್ಮೆ ನೋಡಿದರು. "ಪೂಜೆಗಿಟ್ಟ ಮಿಷನ್ನ ನೀವು ಎತ್ಕೊಂಡ್ ಬಂದ್ಬಿಟ್ರಾ ಸಾರ್?" ಎಂದರು. ಕ್ಯಾಬಿನೆಟ್ಟಿನ ನೆತ್ತಿಯ ಕುಂಕುಮ ದುಪ್ಪಟಿಗೆ ಹತ್ತಿ ಹೊರಗೆ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ಪೂಜೆಗೆ ಮುಂಚೆ ಎಲ್ಲ ಸರಿಯಾಗಿರಬೇಕು ಎಂದು ಹೊರಟು, ಇಡೀ ತಾಲ್ಲೂಕಿನಲ್ಲಿ ಒಬ್ಬನೂ ಕೈ ಹಾಕದ ದಿನಕ್ಕೇ ಸರಿಯಾಗಿ ಕೆಡಿಸಿಕೊಂಡಿದ್ದೆ. ಇಂಥ ಬುದ್ಧಿವಂತಿಕೆ ಇನ್ಯಾರಿಗೆ ಬರಬೇಕು!

ಮನೆಗೆ ಬಂದಾಗ ನನ್ನ ಚೀಲದಲ್ಲಿ ನಾಲ್ಕು ಪೊಟ್ಟಣ ಪುರಿ ಇತ್ತು. ಮೊದಲು ಹೀಗೆ ಅಕ್ಕಪಕ್ಕದಿಂದ ಬಂದ ಪುರಿಯನ್ನೆಲ್ಲ ಅವಳು ಒಂದು ಪಾತ್ರೆಗೆ ಸುರಿದು, ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಹಾಕಿ ಕಲಸಿ ತರುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಪೊಟ್ಟಣ ಬರೀ ಬಾಯಲ್ಲಿ ತಿಂದೆ. ಮೆತ್ತಗಾಗಿತ್ತು. ಮೇಜಿನ ಮೇಲೆ ಕ್ಯಾಬಿನೆಟ್ ಇದ್ದ ಜಾಗ ದೂಳಿನ ಚೌಕವಾಗಿ ಉಳಿದಿತ್ತು. ಅವಳು ಹೋದ ದಿನಗಳಲ್ಲಿ ಮನೆ ತುಂಬ ಜನ, ಅಳುವುದಕ್ಕೂ ಬಿಡುವಿರಲಿಲ್ಲ. ಅವತ್ತು ಸಂಜೆ ಮನೆಯಲ್ಲಿ ನಾನೊಬ್ಬನೇ ಎಂಬುದು ಚೆನ್ನಾಗಿ ಗೊತ್ತಾಯಿತು. ನಾಲ್ಕು ಪೊಟ್ಟಣ ಪುರಿ ಇದ್ದೂ ಹಂಚಿಕೊಳ್ಳಲು ಒಂದು ಕೈ ಇಲ್ಲದವನು ನಾನು. ಅತ್ತುಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಅವತ್ತು ಎಲ್ಲರೂ ಆಯುಧ ಎತ್ತುವ ದಿನ, ಯಾರೂ ಇಲ್ಲ ಎನ್ನುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸರ್ವೀಸ್ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳಿದ್ದಳು. ಚುರುಕಾಗಿದ್ದಳು. ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದಳು.

"ಡಿಸ್ಕ್ ಚೆನ್ನಾಗಿದೆ ಸಾರ್. ಸಾಫ್ಟ್‌ವೇರೇ ಹೋಗಿದೆ. ಡೇಟಾ ಎಲ್ಲ ತೆಗೆದುಕೊಟ್ಟು ಫಾರ್ಮ್ಯಾಟ್ ಮಾಡ್ಬಿಡ್ತೀನಿ. ಮಧ್ಯಾಹ್ನ ಬನ್ನಿ."

"ಫಾರ್ಮ್ಯಾಟ್ ಬೇಡಮ್ಮ."

"ಯಾಕ್ ಸಾರ್? ಒಂದು ಫೈಲೂ ಹೋಗಲ್ಲ. ನಾನ್ ಗ್ಯಾರಂಟಿ."

"ಬೇಡ ಅಂದ್ರೆ ಬೇಡ. ನಿಮಗೆಲ್ಲ ಬರೋದು ಅದೊಂದೇ ವಿದ್ಯೆನಾ? ರಿಪೇರಿ ಮಾಡಕ್ ಬರದಿದ್ರೆ ಬೋರ್ಡ್ ಯಾಕ್ ಹಾಕ್ಕೊಂಡಿದೀರಾ?"

ನನ್ನ ಗಂಟಲು ಅಷ್ಟು ಜೋರಾಗಿ ಎದ್ದದ್ದು ನನಗೇ ಆಶ್ಚರ್ಯ. ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಆ ಹೆಣ್ಣುಮಗಳ ಮುಖ ಕೆಂಪಾಯಿತು, ಆದರೆ ತಿರುಗಿ ಬೈಯಲಿಲ್ಲ. "ಹಂಗಾದ್ರೆ ನಿಮಗೆ ಏನ್ ಬೇಕು ಹೇಳಿ ಸಾರ್" ಎಂದು ಮೆಲ್ಲಗೆ ಕೇಳಿದಳು.

ಏನು ಬೇಕು? ಎಡಗಡೆ ಕೆಳಗೆ ಒಂದು ಹಳದಿ ಗೂಡು ಬೇಕು ಎಂದು ಹೇಳಲೇ? "ಹೆಂಗಿತ್ತೋ ಹಂಗೇ ಬೇಕು" ಎಂದೆ. ಅವಳು ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ಕ್ಯಾಬಿನೆಟ್ಟನ್ನು ನನ್ನ ಕಡೆ ತಳ್ಳುತ್ತ, "ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ ಹಿಂದೆ ಒಬ್ಬರು ಭಾಯ್ ಇದಾರೆ. ನಿಧಾನ, ಆದ್ರೆ ಫಾರ್ಮ್ಯಾಟ್ ಮಾಡದೆ ಬಿಡಿಸ್ತಾರೆ. ನನಗೂ ಅವರೇ ಕಲಿಸಿದ್ದು" ಎಂದಳು. ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ.

ಶಿಡ್ಲಘಟ್ಟದಲ್ಲಿ ಇಳಿದು ವಿಚಾರಿಸಿಕೊಂಡು ಹೋದೆ. ರೇಷ್ಮೆ ನೂಲು ತೆಗೆಯುವ ಶೆಡ್ಡುಗಳ ಸಾಲು, ಬೆಂದ ಗೂಡಿನ ವಾಸನೆ. ನನ್ನ ಹೆಂಡತಿಗೆ ಆ ವಾಸನೆ ಎಂದರೆ ತವರು, ನನಗೆ ಮೂಗು ಮುಚ್ಚಿಕೊಳ್ಳುವ ವಿಷಯ. ಅದಕ್ಕೂ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು. ಒಂದು ಶೆಡ್ಡಿನ ಮುಂಭಾಗದಲ್ಲೇ ಭಾಯ್ ಅವರ ಅಂಗಡಿ. ಅರವತ್ತು ದಾಟಿದವರು, ಬಿಳಿ ಗಡ್ಡ, ಕನ್ನಡಕದ ಒಂದು ಕಡ್ಡಿಗೆ ದಾರ. ಮೊದಲು ನೂಲಿನ ಮಿಷನ್ನುಗಳ ಮೋಟರ್ ರಿಪೇರಿ ಮಾಡುತ್ತಿದ್ದರಂತೆ. ಮೇಜಿನ ಮೇಲಿದ್ದ ಅವರ ಮೀಟರಿಗೂ ಕುಂಕುಮದ ಬೊಟ್ಟಿತ್ತು. ನಾನು ಅದನ್ನು ನೋಡಿದ್ದನ್ನು ಕಂಡು, "ಪಕ್ಕದ ಸೈಕಲ್ ಶಾಪಿನೋರು ಇಟ್ಟೋಗ್ತಾರೆ ಸಾರ್, ಪ್ರತಿ ವರ್ಷ. ನಾನು ಒರೆಸಲ್ಲ" ಎಂದರು.

ಕ್ಯಾಬಿನೆಟ್ ಇಳಿಸಿದ ತಕ್ಷಣ ನಾನು ಹೇಳಿದೆ: "ಫಾರ್ಮ್ಯಾಟ್ ಮಾತ್ರ ಬೇಡ."

"ನಾನ್ ಎಲ್ಲಿ ಫಾರ್ಮ್ಯಾಟ್ ಅಂದೆ? ಕೂತ್ಕೊಳಿ. ಕೆಡೋಕ್ ಮುಂಚೆ ಕೊನೇದಾಗಿ ಏನ್ ಮಾಡಿದ್ರಿ, ಅದನ್ನ ಹೇಳಿ. ಒಂದೂ ಬಿಡ್ಬೇಡಿ."

ಸ್ಟೂಲಿನ ಮೇಲೆ ಕೂತು ಹೇಳಿದೆ. ದೂಳು ತೆಗೆದದ್ದು, ವೆಬ್‌ಸೈಟು, ಪುಟದ ತುಂಬ ಇದ್ದ ಡ್ರೈವರುಗಳನ್ನೆಲ್ಲ ಹಾಕಿದ್ದು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಎರಡು ವರ್ಷದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಹಂಗೆ ಕೇಳಿರಲಿಲ್ಲ. ನಾನು ಹೇಳುತ್ತಾ ಹೋದೆ. ಬಯಾಸ್‌ನ ವಿಷಯ ಬಂದಾಗ ಮಾತ್ರ ನಾಲಿಗೆ ತಡೆಯಿತು. ಹದಿನೇಳು ವರ್ಷ ಕಂಪ್ಯೂಟರ್ ಅಂಗಡಿ ನಡೆಸಿದವನು ಯಾವನೋ ವಿಡಿಯೋದವನ ಮಾತು ಕೇಳಿ ಕೈ ಹಾಕಿದೆ ಎಂದು ಹೆಂಗೆ ಹೇಳುವುದು? ಬಿಟ್ಟುಬಿಟ್ಟೆ.

ಭಾಯ್ ಒಂದು ಪೆನ್‌ಡ್ರೈವ್ ಸಿಕ್ಕಿಸಿ ಅದರಿಂದ ಕಂಪ್ಯೂಟರ್ ಎಬ್ಬಿಸಿದರು. ಹೊರಗಿನ ಬಾಗಿಲಿನಿಂದ ಒಳಗೆ ಹೋಗುವ ಉಪಾಯ ಅದು, ಒಳಗಿನ ಸಿಸ್ಟಮ್ ಮಲಗಿದ್ದರೂ ನಡೆಯುತ್ತದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡಿದವು. ಹೊರಗಿನಿಂದ ಹಾಕಿದ ಡ್ರೈವರುಗಳ ಪಟ್ಟಿ ತೆಗೆದು, ತಾರೀಖು ನೋಡಿ, ನಾನು ಹಾಕಿದವನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಮೊದಲು ಡಿಸ್ಕುಗಳನ್ನು ಕಟ್ಟುವ ಆ ಡ್ರೈವರ್ ತೆಗೆದರು. ಆಮೇಲೆ ಚಿಪ್‌ಸೆಟ್ಟಿನದು. ಒಂದೊಂದು ತೆಗೆದಾಗಲೂ ಚೀಟಿಯಲ್ಲಿ ಗೀಟು.

"ಇಷ್ಟು ನಿಧಾನವಾ ಭಾಯ್?" ಎಂದೆ. ನನ್ನ ಬುದ್ಧಿ ಎಲ್ಲಿ ಹೋಗಬೇಕು?

"ಗೂಡಿಂದ ಎಳೆ ತೆಗೆಯೋದ್ ನೋಡಿದೀರಲ್ಲ ಸಾರ್. ತುದಿ ಸಿಗೋವರ್ಗೂ ಹುಡುಕ್ಬೇಕು. ಜೋರ್ ಮಾಡಿದ್ರೆ ಗೂಡೇ ಹಾಳು."

ಪೆನ್‌ಡ್ರೈವ್ ಕಿತ್ತು ಕಂಪ್ಯೂಟರ್ ಹಾಕಿದರು. ಚುಕ್ಕೆಗಳು ತಿರುಗಿದವು. ನೀಲಿ. ಅದೇ ಸಪ್ಪೆ ಮೋರೆ. ಭಾಯ್ ಗಡ್ಡ ನೀವಿಕೊಂಡರು. ಪಟ್ಟಿಯನ್ನು ಇನ್ನೊಮ್ಮೆ ನೋಡಿದರು, ಚೀಟಿ ನೋಡಿದರು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಯಾಸ್ ಒಳಗೆ ಏನಾದ್ರೂ ಮುಟ್ಟಿದ್ರಾ ಸಾರ್?"

"ಇಲ್ಲ."

"ಮುಟ್ಟಿಲ್ಲ ಅಂದ್ರೆ..." ಎಂದು ನಿಲ್ಲಿಸಿದರು. "ನಾನು ತೆಗೆಯೋದೆಲ್ಲ ತೆಗೆದೆ. ಇನ್ನು ನನಗೂ ಫಾರ್ಮ್ಯಾಟ್ ಒಂದೇ ದಾರಿ ಕಾಣ್ಸೋದು. ನೀವೇ ಹೇಳಿ."

ಆ ಮಾತು ಇವರ ಬಾಯಿಂದಲೂ ಬಂತಲ್ಲ! ಕೋಪ ಬರಲಿಲ್ಲ. ಎದುರಿಗಿದ್ದ ಈ ಮನುಷ್ಯ ನನ್ನ ಸುಳ್ಳಿನಿಂದಾಗಿ ಸೋಲುತ್ತಿದ್ದರು. ನನ್ನ ಒಣ ಮರ್ಯಾದೆಗೆ ಅವಳ ಗೂಡನ್ನು ಬಲಿ ಕೊಡುತ್ತಿದ್ದೇನೆ ಎಂದು ಹೊಳೆಯಿತು.

"ಭಾಯ್, ಮುಟ್ಟಿದ್ದೆ" ಎಂದೆ. "ವಿಡಿಯೋ ನೋಡ್ಕೊಂಡು ಡಿಸ್ಕಿನ ಮೋಡ್ ಚೇಂಜ್ ಮಾಡ್ದೆ. ಮೊದಲು ಏನಿತ್ತು ಅಂತ ನೋಡ್ಲಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜೋರಾಗಿ ನಕ್ಕರು. "ಅರೆ, ಅಷ್ಟೇ ತಾನೆ! ಡಾಕ್ಟ್ರ ಹತ್ರ, ಲಾಯರ್ ಹತ್ರ ಸುಳ್ ಹೇಳ್ಬಾರ್ದು ಅಂತಾರಲ್ಲ, ರಿಪೇರಿಯೋರ್ನೂ ಸೇರಿಸ್ಕೊಂಡ್ಬಿಡಿ" ಎಂದು ಕನ್ನಡಕ ಏರಿಸಿ ಬಯಾಸ್ ತೆರೆದರು. ಎರಡು ಸಲ ಕೆಳಗೆ ಹೋಗಿ ಒಂದು ಸಾಲನ್ನು ಒಂಟಿ ಡಿಸ್ಕಿಗೆ ಇರಬೇಕಾದ ಮೋಡಿಗೆ ಬದಲಾಯಿಸಿ ಉಳಿಸಿದರು. ಕಂಪ್ಯೂಟರ್ ಆರಿ ಹೊತ್ತಿಕೊಂಡಿತು. ಚುಕ್ಕೆಗಳು ತಿರುಗಿದವು. ತಿರುಗುತ್ತಲೇ ಇದ್ದವು. ನಾನು ಕಣ್ಣು ಮುಚ್ಚಿಕೊಂಡೆ, ಸುಳ್ಳೇಕೆ ಹೇಳಲಿ, ದೇವರನ್ನೂ ನೆನೆದೆ.

"ನೋಡಿ ಸಾರ್, ಬಂತು."

ಕಣ್ಣು ಬಿಟ್ಟೆ. ನಡುವೆ ನನ್ನ ಹೆಸರು. ಎಡಗಡೆ ಕೆಳಗೆ ನಾನು, ನನ್ನ ಕೆಳಗೆ ಅವಳು. ಪುಟ್ಟ ಹಳದಿ ಗೂಡು. ಒಂದು ಎಳೆಯೂ ಅಲುಗಿರಲಿಲ್ಲ. ಭಾಯ್ ಮೂಗನ್ನು ಪರದೆಗೆ ಹತ್ತಿರ ತಂದು ಆ ಚಿತ್ರವನ್ನೇ ನೋಡುತ್ತಿದ್ದರು.

"ಒಳ್ಳೆ ಗೂಡು. ಇದು ಯಾರ್ದು ಸಾರ್?"

"ನಮ್ಮ ಮನೆಯೋರ್ದು."

"ಮೇಡಂ ನಮ್ ಕಡೆಯೋರಾ?"

"ದಿಬ್ಬೂರಹಳ್ಳಿ."

"ಹಂಗನ್ನಿ! ಅದಕ್ಕೇ ಗೂಡು ಇಟ್ಕೊಂಡವ್ರೆ" ಎಂದು ಖುಷಿಯಾದರು. ನನ್ನ ಖಾತೆ ತೆಗೆಸಿ ಪ್ರಿಂಟು, ಸದ್ದು, ಇಂಟರ್ನೆಟ್ಟು ಎಲ್ಲ ನೋಡಿದರು. ಕೇಬಲ್ ಬಿಚ್ಚಿ ನನ್ನ ದುಪ್ಪಟಿಯಲ್ಲಿ ತಾವೇ ಗಂಟು ಕಟ್ಟಿಕೊಟ್ಟರು. ಆಮೇಲೆ, ಮರೆತಿದ್ದನ್ನು ನೆನಪಿಸಿಕೊಂಡವರಂತೆ ಬೆರಳೆತ್ತಿದರು.

"ನಿಮ್ದು ನೋಡಿದ್ವಿ. ಮೇಡಂದೂ ಒಂದ್ಸಲ ಓಪನ್ ಮಾಡಿ ಚೆಕ್ ಮಾಡ್ಬೇಕು ಸಾರ್. ಅವರ ಪಾಸ್‌ವರ್ಡ್ ನನಗ್ಯಾಕೆ, ಮನೆಗ್ ಹೋಗಿ ಅವರ ಕೈಲೇ ಮಾಡ್ಸಿ. ಏನಾದ್ರೂ ತೊಂದ್ರೆ ಇದ್ರೆ ಫೋನ್ ಮಾಡಕ್ ಹೇಳಿ."

ಅವಳಿಲ್ಲ ಎಂದು ಹೇಳಬೇಕಾಗಿತ್ತು. ರಿಪೇರಿಯವರಿಗೆ ಸುಳ್ಳು ಹೇಳಬಾರದು ಎಂದು ಅವರು ಹೇಳಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಆದರೆ ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು, ಅವಳು ಮನೆಯಲ್ಲಿ ನನ್ನ ದಾರಿ ಕಾಯುತ್ತಿದ್ದಾಳೆ ಎಂಬ ಹಾಗೆ ನನ್ನ ಹತ್ತಿರ ಮಾತಾಡಿದ್ದರು. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

"ಹೂಂ ಭಾಯ್, ಹೇಳ್ತೀನಿ" ಎಂದೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಆ ಹೆಣ್ಣುಮಗಳ ಅಂಗಡಿಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಬಾಗಿಲವರೆಗೆ ಹೋದೆ. ಅವಳು ಯಾರದೋ ಲ್ಯಾಪ್‌ಟಾಪಿನೊಳಗೆ ತಲೆ ಹಾಕಿಕೊಂಡಿದ್ದಳು. ನಾಚಿಕೆಯಾಗಿ ವಾಪಸ್ ಬಂದೆ. ಅದು ಬಾಕಿ ಉಳಿದೇ ಇದೆ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ದೂಳಿನ ಚೌಕ ಒರೆಸಿ, ಕ್ಯಾಬಿನೆಟ್ ಇಟ್ಟು, ಕೇಬಲ್ ಸಿಕ್ಕಿಸಿ ಹಾಕಿದೆ. ಪರದೆ ಬಂತು. ಎಂದೂ ಮಾಡದ ಒಂದು ಕೆಲಸ ಮಾಡಿದೆ. ಬಾಣವನ್ನು ಎಡಗಡೆ ಕೆಳಗೆ ಒಯ್ದು ಆ ಪುಟ್ಟ ಗೂಡಿನ ಮೇಲೆ ಒತ್ತಿದೆ. ಅವಳು ನಡುವೆ ಬಂದಳು, ದೊಡ್ಡದಾಗಿ, ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿದವಳ ಹಾಗೆ. ಕೆಳಗೆ ಪಾಸ್‌ವರ್ಡಿನ ಖಾಲಿ ಪೆಟ್ಟಿಗೆ. ಅದರೊಳಗೆ ಗೆರೆಯೊಂದು ಮಿಟುಕುತ್ತಿತ್ತು. ನಾನು ಕೀಬೋರ್ಡ್ ಮುಟ್ಟಲಿಲ್ಲ. ಪಕ್ಕದ ಕುರ್ಚಿಯನ್ನು ಸ್ವಲ್ಪ ಮೇಜಿನ ಹತ್ತಿರಕ್ಕೆ ಎಳೆದೆ.

"ನೋಡೇ, ನಿಂದೂ ಒಂದ್ಸಲ ತೆಗೆದು ಚೆಕ್ ಮಾಡ್ಬೇಕಂತೆ" ಎಂದೆ. "ಶಿಡ್ಲಘಟ್ಟದ ಭಾಯ್ ಹೇಳವ್ರೆ."